ಹತ್ತೊಂಬತ್ತು ಕುಟುಂಬಕ್ಕೆ ಒಂದೇ ವಿಳಾಸ

ಹೋದ ತಿಂಗಳು ನಮ್ಮ ಚರ್ಚಿನಲ್ಲಿ ಒಂದು ಮದುವೆಯಿತ್ತು. ಆರಾಧನೆ ಮುಗಿದ ಮೇಲೆ ಗಂಡು ಹೆಣ್ಣು ಇಬ್ಬರನ್ನೂ ಪಕ್ಕದ ವೆಸ್ಟ್ರಿ ಕೋಣೆಗೆ ಕರೆದು ರಿಜಿಸ್ಟರಿಗೆ ಸಹಿ ಮಾಡಿಸುವುದು ಕಾರ್ಯದರ್ಶಿಯಾದ ನನ್ನ ಕೆಲಸ. ಸಾಕ್ಷಿಗೆಂದು ನಿಂತ ಗಂಡಿನ ಅಜ್ಜಿಗೆ ಸಹಿ ಬಾರದು. ಬೀರುವಿನ ಮೂಲೆಯಲ್ಲಿದ್ದ ಸ್ಟಾಂಪ್ ಪ್ಯಾಡ್ ತೆಗೆದೆ. ಅದು ಒಣಗಿ ಹಪ್ಪಳವಾಗಿತ್ತು. ಪುಟ್ಟ ಸೀಸೆಯಿಂದ ನೇರಳೆ ಶಾಯಿ ಎರಡು ಹನಿ ಬಿಟ್ಟು ಬೆರಳಲ್ಲಿ ತೀಡಿದೆ ನೋಡಿ, ಔಷಧಿ ಅಂಗಡಿಯ ವಾಸನೆಗೂ ಹೊಸ ಪುಸ್ತಕದ ವಾಸನೆಗೂ ನಡುವಿನ ಆ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಅಜ್ಜಿ ಹೆಬ್ಬೆರಳು ಚಾಚಿಕೊಂಡು ಕಾಯುತ್ತಿದ್ದಳು. ನಾನು ಅವಳ ಬೆರಳು ಹಿಡಿಯುವುದನ್ನೇ ಮರೆತು ನಿಂತಿದ್ದೆ. ಮದುವೆಯವರು ಊಟದ ಅವಸರದಲ್ಲಿದ್ದರು, ಯಾರೋ ಹಿಂದಿನಿಂದ ಕೆಮ್ಮಿದರು.

ಇದೇ ಕೋಣೆ, ಇದೇ ಮೇಜು. ಒಂದೇ ಮಧ್ಯಾಹ್ನದಲ್ಲಿ ಹತ್ತೊಂಬತ್ತು ಮನೆಯವರ ಹೆಬ್ಬೆರಳು ಈ ಮೇಜಿನ ಮೇಲೆ ಊರಿದ್ದವು. ಅಲ್ಲ, ತಪ್ಪಿದೆ, ಮನೆಯವರು ಎಂದೆ... ಅವರಿಗೆ ಮನೆ ಇರಲಿಲ್ಲ. ಅದೇ ತಾನೇ ಕಥೆ. ಒಬ್ಬೊಬ್ಬರ ಬೆರಳು ಒತ್ತಿಸಿದ ಮೇಲೆ ಟೀಚರಮ್ಮ ಹಳೆಯ ಸೀರೆಯ ತುಂಡಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಶಾಯಿ ಒರೆಸಿ ಕಳಿಸುತ್ತಿದ್ದರು. ನಾನು ಅರ್ಜಿ ತಿರುವಿ ಹಾಕುತ್ತಿದ್ದೆ. ಹೊರಗೆ ಸ್ತ್ರೀಯರ ಕೂಟದವರು ಟೀ ಕಾಯಿಸುತ್ತಿದ್ದರು. ಎಲ್ಲರೂ ಎಷ್ಟು ಸಂತೋಷದಲ್ಲಿದ್ದೆವೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಟೀಚರಮ್ಮ ನಮ್ಮ ಚರ್ಚಿನ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹುಟ್ಟೂರು ಭರಮಸಾಗರ. ಮದುವೆಯಾಗಿರಲಿಲ್ಲ. ಚರ್ಚಿನ ಹಿಂದಿನ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ಇರುತ್ತಿದ್ದರು. ಊರಿನ ಅರ್ಧ ಜನರ ಕಿವಿ ಹಿಂಡಿದ ಕೈ ಅದು, ನನ್ನ ಕಿವಿಯಂತೂ ಮೂರನೇ ಕ್ಲಾಸು ಪೂರ್ತಿ ಅವರ ವಶದಲ್ಲೇ ಇತ್ತು. ಬಿಸಿಲಿರಲಿ ಮೋಡವಿರಲಿ ಕರಿ ಕೊಡೆ ಬಿಡುತ್ತಿರಲಿಲ್ಲ. ಆ ಕೊಡೆಯನ್ನು ಅವರು ಬಿಚ್ಚಿದ್ದಕ್ಕಿಂತ ಯಾರದೋ ಕಡೆ ತೋರಿಸಿ ಮಾತಾಡಿದ್ದೇ ಹೆಚ್ಚು. ನಾನು ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಮೇಲೂ ಅವರ ಕಣ್ಣಿಗೆ ಮೂರನೇ ಕ್ಲಾಸಿನವನೇ ಆಗಿದ್ದೆ. ಗಿರಾಕಿಗಳ ಎದುರಿಗೇ "ಏನಪ್ಪ, ಹಲ್ಲುಜ್ಜಿ ಬಂದೀಯಾ?" ಎಂದು ಕೇಳಿಬಿಡುತ್ತಿದ್ದರು.

ನಮ್ಮದು ದುರ್ಗದಿಂದ ಬಸ್ಸಿಗೆ ಒಂದು ತಾಸಿನ ಊರು. ಸುತ್ತ ಕಲ್ಲು ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ, ಊರ ಅಂಚಿಗೆ ಕೆರೆ. ಕೆರೆಯ ಏರಿಯ ಕೆಳಗೆ, ಕೋಡಿಯ ಪಕ್ಕದಲ್ಲಿ ಹತ್ತೊಂಬತ್ತು ಟಾರ್ಪಾಲಿನ ಗುಡಿಸಲುಗಳಿದ್ದವು. ಹಳೇ ಬಟ್ಟೆ ತಗೊಂಡು ಸ್ಟೀಲು ಪಾತ್ರೆ ಕೊಡುವವರು, ಗಾದಿ ಹೊಲೆಯುವ ಸಾಹೇಬರ ಸಂಸಾರ, ಗಾರೆ ಕೆಲಸದವರು. ಕೆಲವರು ಅಲ್ಲೇ ಹುಟ್ಟಿ ಅಲ್ಲೇ ಮಕ್ಕಳನ್ನು ಹಡೆದಿದ್ದರು. ಊರಿನವರಿಗೆ ಅವರು ಕಾಣಿಸುತ್ತಲೇ ಇರಲಿಲ್ಲ. ನನಗೂ ಅಷ್ಟೆ, ದಿನಾ ಬೈಕಿನಲ್ಲಿ ಆ ಏರಿಯ ಮೇಲೇ ಹೋಗುತ್ತಿದ್ದೆ.

ಟೀಚರಮ್ಮನಿಗೆ ಅವರು ಕಂಡದ್ದು ಪಾತ್ರೆಯ ವ್ಯಾಪಾರದಿಂದ. ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಒಬ್ಬ ಹೆಂಗಸು, ನಾವೆಲ್ಲ ಪಾತ್ರೆಯಾಕೆ ಎನ್ನುತ್ತಿದ್ದೆವು, ಎರಡು ಸೀರೆಗೆ ಒಂದು ಸ್ಟೀಲು ಡಬ್ಬಿ ಕೊಡಲು ಬಂದಿದ್ದಳು. ಮಾತಿಗೆ ಮಾತು ಬಂದು, ಅವಳ ಮಗಳು ಶಾಲೆಗೆ ಹೋಗುತ್ತಿಲ್ಲವೆಂದು ಗೊತ್ತಾಯಿತು. ಟೀಚರಮ್ಮನಿಗೆ ಅಷ್ಟು ಸಾಕು. ಮಾರನೆಯ ದಿನ ಕೊಡೆ ಹಿಡಿದು ಏರಿ ಇಳಿದರು. ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಂತು ಕಾಲಿನ ಧೂಳು ಒರೆಸಿಕೊಂಡರು. ಆಮೇಲೆ, "ಲೇ, ಮಲಗಿದ್ರೆ ಕಾಲು ಹೊರಗೆ ಬರ್ತಾವಂತೆ ಕಣೋ ಗುಡಿಸ್ಲಿಂದ. ಹಾವಿನ ಭಯಕ್ಕೆ ಕಾಲು ಮಡಚ್ಕಂಡೇ ಮಲಗ್ತಾರಂತೆ, ಹುಡುಗ್ರು ಮುದುಕ್ರು ಎಲ್ಲಾ" ಎಂದರು.

ಅದೇ ಹೊತ್ತಿಗೆ ಎರಡು ಸುದ್ದಿ ಊರಲ್ಲಿ ಹಬ್ಬಿದ್ದವು. ಒಂದು, ಕೆರೆಯ ಜಾಗ ತೆರವು ಮಾಡಿಸುತ್ತಾರೆ. ಇನ್ನೊಂದು, ವಸತಿ ಇಲ್ಲದವರ ಹೊಸ ಪಟ್ಟಿ ಮಾಡುತ್ತಾರೆ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಊರಾಚೆ ಸೈಟು ಕೊಟ್ಟು ಮನೆ ಕಟ್ಟಿಕೊಳ್ಳಲು ಸಹಾಯ ಮಾಡುತ್ತಾರೆ. ಟೀಚರಮ್ಮ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರು. ಜೆಸಿಬಿ ಬರುವ ಮೊದಲು ಹೆಸರು ಪಟ್ಟಿಗೆ ಬಿದ್ದರೆ ಹತ್ತೊಂಬತ್ತು ಕುಟುಂಬ ಉಳಿಯಿತು. ಬೀಳದಿದ್ದರೆ ಅವರು ಎಲ್ಲಿಗೆ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಭಾನುವಾರದ ಆರಾಧನೆಯಲ್ಲಿ ಪ್ರಕಟಣೆಗಳ ಹೊತ್ತು ಅಂತ ಒಂದಿರುತ್ತದೆ. ಯಾರ ಮದುವೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಕೀರ್ತನೆ ಅಭ್ಯಾಸ ಎಷ್ಟು ಗಂಟೆಗೆ, ಇಂಥವು. ಆ ಭಾನುವಾರ ನಾನು ಓದಿ ಮುಗಿಸುವಷ್ಟರಲ್ಲಿ ಟೀಚರಮ್ಮ ಎದ್ದು ನಿಂತರು. ಅಯ್ಯನವರ ಅಪ್ಪಣೆ ಕೇಳಲಿಲ್ಲ. ಅಯ್ಯನವರೆಂದರೆ ನಮ್ಮ ಸಭೆಯ ಪಾದ್ರಿಗಳು, ಅವರೂ ಟೀಚರಮ್ಮನ ಮುಂದೆ ಸ್ವಲ್ಪ ಕೈಕಟ್ಟಿಯೇ ನಿಲ್ಲುವವರು. "ಕೆರೆ ಏರಿ ಕೆಳಗೆ ಹತ್ತೊಂಬತ್ತು ಸಂಸಾರ ಅವೆ. ನಾವು ಇಲ್ಲಿ ಫ್ಯಾನ್ ಕೆಳಗೆ ಕುಂತು ಸ್ತೋತ್ರ ಹೇಳ್ತಿದೀವಿ. ನಂಗೇನೋ ಸರಿ ಕಾಣ್ತಿಲ್ಲ" ಎಂದು ಹೇಳಿ ಕುಳಿತುಬಿಟ್ಟರು. ಅಯ್ಯನವರ ಬೋಧನೆಗಿಂತ ಅದು ಜೋರಾಗಿ ನಾಟಿತು.

ನಮ್ಮ ಸಭೆ, ಎಂದರೆ ಚರ್ಚಿಗೆ ಸೇರಿದ ಜನ, ಹಾಗೆ ಒಂದಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮನವಿ ಪತ್ರ ತಯಾರಾಯಿತು. ಹೆಂಗಸರು ಮನೆಮನೆಗೆ ಹೋಗಿ ಸಹಿ ಮಾಡಿಸಿದರು. ಟೀಚರಮ್ಮ ಮಠದವರ ಹತ್ತಿರವೂ ಮಸೀದಿ ಕಮಿಟಿಯವರ ಹತ್ತಿರವೂ ಹೋಗಿ ಸಹಿ ತಂದರು, ಅಲ್ಲೆಲ್ಲ ಅವರ ಹಳೆಯ ವಿದ್ಯಾರ್ಥಿಗಳೇ ಇದ್ದದ್ದರಿಂದ ಬೇಡವೆನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಒಂದು ಸೋಮವಾರ ಟೆಂಪೊ ಮಾಡಿಕೊಂಡು ದುರ್ಗಕ್ಕೆ ಹೋದೆವು. ಅಧಿಕಾರಿ ಒಳ್ಳೆಯವರು. ಕೂರಿಸಿ ಮಾತಾಡಿಸಿದರು, ಟೀ ತರಿಸಿದರು, ಇಂಥ ಕೆಲಸಕ್ಕೆ ನಿಮ್ಮಂಥವರು ಮುಂದೆ ಬರಬೇಕು ಎಂದರು. ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಟೆಂಪೊದಲ್ಲಿ ದಾರಿಯುದ್ದಕ್ಕೂ ಕೀರ್ತನೆ ಹಾಡಿದೆವು. ನನಗೂ ಎದೆ ಉಬ್ಬಿತ್ತು, ಸುಳ್ಳು ಹೇಳುವುದಿಲ್ಲ.

ಆ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. ಅವರಿಗೆ ಕಾರ್ಡುಗಳಿವೆಯೇ? ಪಟ್ಟಿಗೆ ಸೇರಬೇಕಾದರೆ ರೇಷನ್ ಕಾರ್ಡು ಬೇಕು, ಆಧಾರ್ ಬೇಕು. ಅವೆರಡಕ್ಕೂ ವಿಳಾಸ ಬೇಕು. ಮನೆ ಇಲ್ಲ ಎನ್ನುವುದಕ್ಕೆ ಮನೆಯ ವಿಳಾಸ ಬೇಕು.

ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಪಾತ್ರೆಯಾಕೆಯ ಅರ್ಜಿ ತುಂಬುತ್ತ ಕುಳಿತಿದ್ದೆ. ಪಕ್ಕದಲ್ಲಿ ಟೀಚರಮ್ಮ. ಡೋರ್ ನಂಬರ್ ಎಂಬ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಸೊನ್ನೆ ಹಾಕಿದೆ, ಒಪ್ಪಲಿಲ್ಲ. 'ಕೆರೆ ಏರಿ' ಎಂದು ಹಾಕಿದೆ, ಕೆಂಪು ಅಕ್ಷರದಲ್ಲಿ ತಪ್ಪು ಎಂದು ತೋರಿಸಿತು. ನಾಲ್ಕಾರು ಸಲ ಹೀಗಾಗಿ ನನಗೆ ರೇಗಿತು. "ಟೀಚರ್, ಚರ್ಚಿನ ನಂಬರ್ರೇ ಹಾಕಿಬಿಡಾಣ. ಕೇರಾಫ್ ಅಂತ. ಕಮಿಟಿಯಿಂದ ಒಂದು ಪತ್ರ ಕೊಟ್ರೆ ಆಯ್ತು" ಎಂದೆ.

ಹೌದು, ಹೇಳಿದ್ದು ನಾನೇ. ಊರಲ್ಲಿ ಈಗಲೂ ಕೆಲವರು ಅದು ಟೀಚರಮ್ಮನ ತಲೆ ಎನ್ನುತ್ತಾರೆ. ನಾನು ಬಹಳ ವರ್ಷ ತಿದ್ದಲಿಲ್ಲ. ಇಲ್ಲಿ ತಿದ್ದುತ್ತಿದ್ದೇನೆ.

ಟೀಚರಮ್ಮ ನನ್ನನ್ನೇ ನೋಡಿದರು. ಮುಖ ಅರಳಿತು. "ಮೂರನೇ ಕ್ಲಾಸಲ್ಲಿ ಇಲ್ದಿದ್ದ ಬುದ್ಧಿ ಈಗ ಬಂದೈತೆ ನೋಡು ನಿಂಗೆ" ಎಂದು ತಲೆಯ ಮೇಲೆ ಮೊಟಕಿದರು. ಅವರಿಂದ ನನಗೆ ಸಿಕ್ಕ ಮೊದಲನೆಯ ಹೊಗಳಿಕೆ. ಐವತ್ತರ ಹತ್ತಿರದ ಗಂಡಸು, ಸ್ಲೇಟಿನ ಮೇಲೆ ರೈಟು ಬಿದ್ದ ಹುಡುಗನಷ್ಟು ಹಿಗ್ಗಿದೆ.

ನಮ್ಮ ಸಭೆಗಳಲ್ಲಿ ಒಂದು ಪದ್ಧತಿ ಇದೆ. ಒಂದು ಊರಿನ ಸಭೆಯವರು ಕೆಲಸಕ್ಕೆಂದು ಇನ್ನೊಂದು ಊರಿಗೆ ಹೋದರೆ ಇಲ್ಲಿನ ಅಯ್ಯನವರು ಅಲ್ಲಿನವರಿಗೆ ಒಂದು ಪತ್ರ ಬರೆದುಕೊಡುತ್ತಾರೆ, ಇವರು ನಮ್ಮವರು, ಸೇರಿಸಿಕೊಳ್ಳಿ ಎಂದು. ಆ ಪತ್ರ ಕಂಡರೆ ಯಾರೂ ಎರಡನೇ ಮಾತಾಡುವುದಿಲ್ಲ. ಹಾಗೆ ಬರೆದು, ಮೊಹರು ಒತ್ತಿ, ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ಎಲ್ಲ ಬಾಗಿಲೂ ತೆರೆಯುತ್ತದೆ ಎಂದು ನಂಬಿಕೊಂಡು ಬೆಳೆದವರು ನಾವು. ಸರ್ಕಾರಕ್ಕೂ ಅದೇ ಧಾಟಿಯಲ್ಲಿ ಬರೆದೆವು. ಇವರು ನಮ್ಮ ಚರ್ಚಿನ ವಿಳಾಸದಲ್ಲಿ ವಾಸವಿದ್ದಾರೆ ಎಂದು ಹತ್ತೊಂಬತ್ತು ಪತ್ರ. ನಾನು ಟೈಪು ಮಾಡಿದೆ, ಅಯ್ಯನವರು ಸಹಿ ಹಾಕಿದರು. ವೆಸ್ಟ್ರಿಯಲ್ಲಿ ಹೆಬ್ಬೆರಳು ಒತ್ತಿಸಿದ್ದು ಆವತ್ತೇ.

ಕಾರ್ಡುಗಳು ಬಂದ ದಿನ ಪಾತ್ರೆಯಾಕೆ ತನ್ನದನ್ನು ಸೆರಗಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಲ್ಯಾಮಿನೇಷನ್ ಮಾಡಿಸಬೇಕಿತ್ತು. "ಇದ್ರಾಗೆ ನನ್ ಮನೆ ಎಲ್ಲೈತೆ ತೋರ್ಸಣ್ಣ" ಎಂದಳು. ವಿಳಾಸದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಓದಲು ಬಾರದ ಅವಳು ಆ ಸಾಲನ್ನು ಎರಡು ಮೂರು ಸಲ ಸವರಿದಳು.

ಸ್ವಲ್ಪ ದಿನಕ್ಕೆ ಸರ್ವೆಯವರು ಬರುತ್ತಾರೆಂದು ಸುದ್ದಿ ಬಂತು. ಈಗ ಎಲ್ಲಿ ವಾಸವಿದ್ದಾರೋ ಆ ಜಾಗದ ಮುಂದೆ ನಿಲ್ಲಿಸಿ ಒಬ್ಬೊಬ್ಬರ ಫೋಟೊ ತೆಗೆದು ಮೊಬೈಲಿಗೆ ಏರಿಸುತ್ತಾರಂತೆ. ಫೋಟೊ ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮ ಸ್ತ್ರೀಯರ ಕೂಟದವರ ಕೈಕಾಲು ನಿಲ್ಲಲಿಲ್ಲ. ನಮ್ಮಲ್ಲಿ ಕ್ರಿಸ್ಮಸ್ಸಿಗೊಂದು ಸುಗ್ಗಿ ಹಬ್ಬಕ್ಕೊಂದು ಗ್ರೂಪ್ ಫೋಟೊ ಇರುತ್ತದೆ, ಫೋಟೊ ಎಂದರೆ ಇರುವುದರಲ್ಲಿ ಒಳ್ಳೆಯದು ಉಟ್ಟು ನಿಲ್ಲಬೇಕು, ಅದು ಬಿಟ್ಟು ನಮಗೆ ಬೇರೆ ಗೊತ್ತಿಲ್ಲ. ಬೀರುಗಳಿಂದ ಸೀರೆಗಳು ಹೊರಬಂದವು. ಯಾರೋ ಮಗನ ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆಯನ್ನೇ ಪಾತ್ರೆಯಾಕೆಗೆ ಕೊಟ್ಟರು. ಗಾದಿ ಸಾಹೇಬರಿಗೆ ಅಯ್ಯನವರ ಇಸ್ತ್ರಿ ಮಾಡಿದ ಬಿಳಿ ಅಂಗಿ. ಹುಡುಗಿಯರಿಗೆಲ್ಲ ಜಡೆ, ಕನಕಾಂಬರ, ಮುಖಕ್ಕೆ ಪೌಡರು. ಟೀಚರಮ್ಮ ಬಾಚಣಿಗೆ ಹಿಡಿದು ಒಬ್ಬೊಬ್ಬರ ಬೈತಲೆ ತಾವೇ ತೆಗೆದರು. "ನಮ್ಮ ಹುಡುಗ್ರು ಕೊಳಕಾಗಿ ಕಾಣ್ಬಾರ್ದು" ಎನ್ನುತ್ತಿದ್ದರು. ನಮ್ಮ ಹುಡುಗರು ಎಂದರು, ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ಸರ್ವೆಯವನು ಬಂದದ್ದು ನೇರ ಚರ್ಚಿನ ಗೇಟಿಗೆ. ಬಿಸಿಲಲ್ಲಿ ಊರೂರು ಸುತ್ತಿ ಸೋತ ಯುವಕ, ಕೆಟ್ಟವನಲ್ಲ. ಟೀಚರಮ್ಮ ಕೊಡೆ ಬಿಚ್ಚಿ, "ಬರ್ರಿ, ಕೆರೆ ಕಡೆ ಹೋಗಾಣ" ಎಂದರು.

"ಅಲ್ಲಿಗ್ಯಾಕೆ ಮೇಡಂ? ಕಾರ್ಡಲ್ಲಿ ಈ ಅಡ್ರೆಸ್ ಐತೆ. ನಾನು ಇಲ್ಲೇ ತೆಗೀಬೇಕು" ಎಂದ ಅವನು.

ನಮ್ಮಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವಾಯಿತು, ಅಷ್ಟು ಬಿಸಿಲಲ್ಲಿ ಏರಿಯ ತನಕ ನಡೆಯುವುದು ತಪ್ಪಿತಲ್ಲ ಎಂದು. ಟೀಚರಮ್ಮ ಒಂದು ಗಳಿಗೆ ಅನುಮಾನಿಸಿದರು. "ಏನಪ್ಪ, ಹಿಂಗೇನಾ ಇದು?" ಎಂದು ನನ್ನನ್ನು ಕೇಳಿದರು. ಆಫೀಸಿನ ಎದುರು ಅಂಗಡಿ ಇಟ್ಟವನಲ್ಲವೇ ನಾನು, ಎಲ್ಲ ತಿಳಿದವನ ಹಾಗೆ, "ಹಿಂಗೇ ಟೀಚರ್, ಅವ್ರ ರೂಲ್ಸು" ಎಂದುಬಿಟ್ಟೆ. ಹತ್ತೊಂಬತ್ತು ಕುಟುಂಬದವರೂ ಸರದಿಯಲ್ಲಿ ಚರ್ಚಿನ ಮೆಟ್ಟಿಲೇರಿ ನಿಂತರು. ಹಿಂದೆ ಆಗ ತಾನೇ ಸುಣ್ಣ ಬಣ್ಣ ಕಂಡ ಗೋಡೆ, ತೇಗದ ಬಾಗಿಲು, ಟ್ಯೂಬ್‌ಲೈಟು. ಪಾತ್ರೆಯಾಕೆ ಸೀರೆಯ ನಿರಿಗೆ ಸರಿಮಾಡಿಕೊಂಡು, ಹಲ್ಲು ಕಾಣುವಂತೆ ನಕ್ಕಳು. ಆಮೇಲೆ ಎಲ್ಲರಿಗೂ ಉಪ್ಪಿಟ್ಟು, ಟೀ.

ಪಟ್ಟಿಯನ್ನು ಆಫೀಸಿನ ಹೊರಗೋಡೆಗೆ ಅಂಟಿಸಿದ ದಿನ ನಾನೇ ಮೊದಲು ಓಡಿಹೋಗಿ ನೋಡಿದೆ. ಹತ್ತೊಂಬತ್ತು ಹೆಸರೂ ಇದ್ದವು, ತಿರಸ್ಕೃತರ ಹಾಳೆಯಲ್ಲಿ. ಎಲ್ಲದರ ಮುಂದೂ ಒಂದೇ ಕಾರಣ. ಪಕ್ಕಾ ಕಟ್ಟಡದಲ್ಲಿ ವಾಸ. ಟೀಚರಮ್ಮನಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಅಂಗಡಿಯಲ್ಲೇ ಕುಳಿತಿದ್ದೆ. ಅವರೇ ಬಂದರು, ಎದುರಿನ ಗೋಡೆಯ ಹತ್ತಿರ ಹೋದರು, ಕನ್ನಡಕ ಒರೆಸಿಕೊಂಡು ಓದಿದರು, ಮತ್ತೆ ಓದಿದರು. ಈಚೆ ಬಂದಾಗ ಕೊಡೆ ಅಲ್ಲೇ ಗೋಡೆಗೆ ಒರಗಿಸಿ ಮರೆತಿದ್ದರು. ನಾನು ಹೋಗಿ ತಂದುಕೊಟ್ಟೆ.

ಆಕ್ಷೇಪಣೆ ಸಲ್ಲಿಸಲು ದುರ್ಗಕ್ಕೆ ಹೋದೆವು. ಈ ಸಲ ಟೆಂಪೊ ಇಲ್ಲ, ನಾನು ಮತ್ತು ಅವರು ಇಬ್ಬರೇ ಬಸ್ಸಿನಲ್ಲಿ. ಹಿಂದಿನ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ಫೋಟೊಗಳನ್ನು ಒಂದೊಂದಾಗಿ ತೋರಿಸಿದರು. ರೇಷ್ಮೆ ಸೀರೆ, ಕನಕಾಂಬರ, ಇಸ್ತ್ರಿ ಅಂಗಿ, ತೇಗದ ಬಾಗಿಲು... "ನೀವೇ ನೋಡ್ರಮ್ಮ. ನಮ್ಮನೇನೂ ಇಷ್ಟು ಚೆನ್ನಾಗಿಲ್ಲ" ಎಂದರು. ವ್ಯಂಗ್ಯವೇನೂ ಇರಲಿಲ್ಲ ಆ ದನಿಯಲ್ಲಿ.

"ಅದು ಚರ್ಚು ಸಾರ್. ಅವ್ರು ಅಲ್ಲಿಲ್ಲ. ಕೆರೆ ಹತ್ರ ಅವ್ರೆ" ಎಂದರು ಟೀಚರಮ್ಮ.

"ಹಂಗಾದ್ರೆ ಇಲ್ಲಿ ಅವ್ರೆ ಅಂತ ಸುಳ್ಳು ಪತ್ರ ಬರ್ಕೊಟ್ಟೋರು ಯಾರು?"

ಪತ್ರ ಸುಳ್ಳೆಂದರೆ ಅಯ್ಯನವರ ಕುತ್ತಿಗೆಗೆ ಬರುತ್ತದೆ, ಟೈಪು ಮಾಡಿದ ನನ್ನ ಕುತ್ತಿಗೆಗೂ. ಪತ್ರ ನಿಜವೆಂದರೆ ಅವರಿಗೆ ಮನೆ ಇದೆ. ಟೀಚರಮ್ಮ ಆಕ್ಷೇಪಣೆಯ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಅಲ್ಲಿಂದ ಎದ್ದು ಬಂದೆವು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕುಳಿತರು.

ಸುದ್ದಿ ಚರ್ಚಿಗೆ ಮುಟ್ಟಿದ್ದೇ ಸಭೆಯ ಹುರುಪು ಇಳಿದುಹೋಯಿತು. ಸಹಿ ಮಾಡಿಸಿದ ಹೆಂಗಸರು ಕೆರೆಯ ಮಾತು ಬಂದರೆ ಬೇರೆ ಮಾತೆತ್ತುವರು. ಕೊಟ್ಟ ಸೀರೆಗಳನ್ನು ಯಾರೂ ವಾಪಸು ಕೇಳಲಿಲ್ಲ, ಅಷ್ಟು ಮಾತ್ರ ಹೇಳಬಹುದು. ಅಷ್ಟರಲ್ಲಿ ತೆರವಿನ ನೋಟೀಸು ಬಂತು, ಎಂಟು ದಿನ ಗಡುವು. ಟೀಚರಮ್ಮ ಕಮಿಟಿ ಕರೆಸಿದರು. ಚರ್ಚಿನ ಹಿಂದೆ ನಮ್ಮದೊಂದು ದೊಡ್ಡ ಹಾಲ್ ಇದೆ, ಮದುವೆ ಊಟಕ್ಕೆ ಕೊಡುವಂಥದ್ದು, ಹೆಚ್ಚಿನ ದಿನ ಬೀಗ ಹಾಕಿರುತ್ತದೆ. ಟೀಚರಮ್ಮ ಎದ್ದು ನಿಂತು ಹೇಳಿದ್ದು ಇಷ್ಟೆ. "ಅವ್ರು ಇಲ್ಲೇ ಅವ್ರೆ ಅಂತ ಬರ್ಕೊಟ್ಟೀವಿ. ಅದನ್ನ ನಿಜ ಮಾಡಿಬಿಡಾಣ. ಹಾಲಿನ ಬೀಗ ತೆಗೀರಿ. ಇನ್ನೊಂದು ಪಟ್ಟಿ ಬರೋತಂಕ ಇರ್ಲಿ."

ಒಬ್ಬರು, ಹಾಲನ್ನು ಮುಂದಿನ ತಿಂಗಳ ಎರಡು ಮದುವೆಗೆ ಕೊಟ್ಟಾಗಿದೆ ಎಂದರು. ಇನ್ನೊಬ್ಬರು, ಒಮ್ಮೆ ಒಳಗೆ ಬಿಟ್ಟರೆ ಹೊರಗೆ ಕಳಿಸುವುದು ಯಾರು ಎಂದರು. ಕಕ್ಕಸು ಸಾಲುವುದಿಲ್ಲ, ಕ್ರಿಸ್ಮಸ್ ಹತ್ತಿರ ಬಂತು, ಮತಾಂತರ ಮಾಡುತ್ತಿದ್ದಾರೆಂದು ಊರವರು ಗಲಾಟೆ ತೆಗೆದರೆ ಏನು ಗತಿ... ಈ ಕೊನೆಯದು ಸುಳ್ಳು ಭಯವೇನೂ ಅಲ್ಲ, ನಿಜ. ಆದರೆ ಮಠದವರೂ ಮಸೀದಿಯವರೂ ಟೀಚರಮ್ಮನ ಕೊಡೆಗೆ ಹೆದರಿ ಸಹಿ ಹಾಕಿದ್ದ ಊರು ಅದು, ಅದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ಅಯ್ಯನವರು ತಲೆ ತಗ್ಗಿಸಿ, ಕೈ ಎತ್ತುವವರು ಎತ್ತಿರಿ ಎಂದರು.

ನನ್ನ ಕೈ ಮಡಿಲಲ್ಲಿತ್ತು. ಅದನ್ನು ಎತ್ತಬೇಕೆಂದು ನನಗೆ ಗೊತ್ತಿತ್ತು. ಎತ್ತಿದರೆ ಪತ್ರದ ವಿಚಾರ ಮೇಲೆ ಬರುತ್ತದೆ, ಅಂಗಡಿಗೆ ಆಫೀಸಿನವರ ಕೆಲಸ ನಿಲ್ಲುತ್ತದೆ, ಹೆಂಡತಿ ಬೈಯುತ್ತಾಳೆ, ಇಂಥವೇ ಸಣ್ಣ ಸಣ್ಣ ಯೋಚನೆಗಳು. ಎದ್ದ ಕೈ ಒಂದೇ, ಟೀಚರಮ್ಮನದು. ಬಳೆಯಿಲ್ಲದ, ನರ ಎದ್ದ ಕೈ. ಅವರು ಅದನ್ನು ಬಹಳ ಹೊತ್ತು ಇಳಿಸಲಿಲ್ಲ. ನನ್ನ ಕಡೆ ನೋಡಿ, "ಬರ್ಕಳಪ್ಪ ಕಾರ್ಯದರ್ಶಿ, ಒಂದು ಕೈ ಅಂತ ಬರ್ಕ" ಎಂದರು.

ಅವರು ಕಮಿಟಿಯ ಸದಸ್ಯರಲ್ಲ, ಅವರ ಕೈ ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾರೋ ನೆನಪಿಸಿದರು. ನಡವಳಿ ಪುಸ್ತಕದಲ್ಲಿ ನಾನು, ಹಾಲನ್ನು ಕೊಡಕೂಡದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದೇ ನನ್ನನ್ನು ಕಾರ್ಯದರ್ಶಿ ಮಾಡಿದ್ದು. ಆ ಪುಟದಲ್ಲೂ ಅಕ್ಷರ ಚೆನ್ನಾಗಿಯೇ ಇದೆ, ಒಂದೂ ಅಲುಗಿಲ್ಲ.

ತೆರವಿನ ಬೆಳಿಗ್ಗೆ ನಾನು ಅಂಗಡಿ ತೆಗೆಯಲಿಲ್ಲ. ಜ್ವರವೆಂದು ಮಲಗಿದ್ದೆ. ನೋಡಿದವರು ಹೇಳಿದ್ದು, ಟೀಚರಮ್ಮ ಅಲ್ಲಿದ್ದರಂತೆ. ಕೂಗಾಡಲಿಲ್ಲವಂತೆ. ಗುಡಿಸಲುಗಳಿಂದ ಪಾತ್ರೆ ಪಡಗ ತೆಗೆದು ಒಂದು ಕಡೆ ಜೋಡಿಸಿಟ್ಟರಂತೆ, ಮಕ್ಕಳನ್ನು ಸಾಲಾಗಿ ಕೂರಿಸಿದ್ದರಂತೆ, ಶಾಲೆಯಲ್ಲಿ ಕೂರಿಸುತ್ತಿದ್ದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಜಾಗ ಚೊಕ್ಕಟವಾಗಿತ್ತು. ಗಾದಿ ಸಾಹೇಬರ ಸಂಸಾರ ಹಿರಿಯೂರಿನ ಕಡೆ ಹೋಯಿತೆಂದು ಒಬ್ಬರು ಹೇಳುತ್ತಾರೆ, ಇಲ್ಲ ಭರಮಸಾಗರದ ಕಡೆ ಎಂದು ಇನ್ನೊಬ್ಬರು. ಪಾತ್ರೆಯಾಕೆಯನ್ನೂ ಅವಳ ಮಗಳನ್ನೂ ಟೀಚರಮ್ಮ ತಮ್ಮ ಕೋಣೆಗೆ ಕರೆದುಕೊಂಡು ಬಂದರು. ಕ್ವಾರ್ಟರ್ಸು ಚರ್ಚಿನದು, ಹೊರಗಿನವರನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂಬ ಮಾತು ಆಗಲೇ ಶುರುವಾಗಿತ್ತು. ಅದು ಅವಳ ಕಿವಿಗೂ ಬಿದ್ದಿರಬೇಕು. ಹತ್ತು ಹನ್ನೆರಡು ದಿನಕ್ಕೆ, ಟೀಚರಮ್ಮ ಪೇಟೆಗೆ ಹೋಗಿದ್ದಾಗ, ಕೋಣೆ ಗುಡಿಸಿ, ಕೊಡ ತುಂಬಿಟ್ಟು, ಮಗಳನ್ನು ಕರೆದುಕೊಂಡು ಹೊರಟುಹೋದಳು. ಶ್ರೀರಾಂಪುರದ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ. ಅದರಾಚೆ ನನಗೆ ಗೊತ್ತಿಲ್ಲ.

ಟೀಚರಮ್ಮ ಚರ್ಚಿಗೆ ಬರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತು. ಪ್ರತಿ ಭಾನುವಾರ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಕೀರ್ತನೆಗೆ ಎಲ್ಲರೊಡನೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ನನ್ನ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಸೋಮವಾರ ಸೋಮವಾರ ಕೈಬರಹದ ಅರ್ಜಿ ಹಿಡಿದು ಒಬ್ಬರೇ ದುರ್ಗಕ್ಕೆ ಹೋಗುತ್ತಿದ್ದರು, ಜೆರಾಕ್ಸ್ ಅಲ್ಲೇ ಮಾಡಿಸಿಕೊಳ್ಳುತ್ತಿದ್ದರು. ಯಾರಿಗಾಗಿ ಹೋಗುತ್ತಿದ್ದರೋ ಅವರಲ್ಲಿ ಒಬ್ಬರೂ ಊರಲ್ಲಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ದಾರಿಯಲ್ಲಿ ಎದುರಾದರೆ ನಿಂತು, "ಮಕ್ಕಳು ಚೆನ್ನಾಗವ್ರಾ?" ಎಂದು ಕೇಳುತ್ತಿದ್ದರು. ಒಂದು ಸಲವಾದರೂ ಬೈದಿದ್ದರೆ ಎಂದು ನಾನು ಎಷ್ಟು ಕಾದೆನೋ... ಬೈಯಲಿಲ್ಲ. ನಾನು ಅವರ ಮೂರನೇ ಕ್ಲಾಸಿನಿಂದ ಹೊರಗೆ ಬಿದ್ದಿದ್ದೆ.

ಟೀಚರಮ್ಮನ ಮೊಣಕಾಲು ಪೂರಾ ಕೈಕೊಟ್ಟ ಮೇಲೆ ಭರಮಸಾಗರದಿಂದ ತಂಗಿ ಬಂದು ಕರೆದುಕೊಂಡು ಹೋದರು. ಮರುವರ್ಷ ಸತ್ತ ಸುದ್ದಿ ಬಂತು. ದೇಹ ತರಿಸಿ ನಮ್ಮ ಸಮಾಧಿ ಸ್ಥಳದಲ್ಲೇ ಮಣ್ಣು ಮಾಡಿದೆವು. ಜನ ತುಂಬ ಸೇರಿದ್ದರು, ಮಠದವರು, ಸಾಹೇಬರು, ಆಫೀಸಿನವರು, ಎಲ್ಲ ಕಿವಿ ಹಿಂಡಿಸಿಕೊಂಡವರೇ. ಬರಬೇಕಾಗಿದ್ದ ಹತ್ತೊಂಬತ್ತು ಕುಟುಂಬದವರು ಬರಲಿಲ್ಲ. ಅವರಿಗೆ ತಿಳಿಸುವುದೆಲ್ಲಿಗೆ? ಇದ್ದದ್ದೊಂದೇ ವಿಳಾಸ, ಅದು ನಮ್ಮದೇ. ಸಮಾಧಿ ರಿಜಿಸ್ಟರಿನಲ್ಲಿ ಟೀಚರಮ್ಮನ ಹೆಸರು ಬರೆಯುವಾಗ ನಾನು ಅತ್ತೆ. ಅಳುವುದಕ್ಕೆ ನನಗೆ ಹಕ್ಕಿತ್ತೋ ಇಲ್ಲವೋ, ಅತ್ತೆನಂತೂ ನಿಜ.

ಈಗ ನಮ್ಮ ಸಭೆಗೆ ಹೊಸ ಅಯ್ಯನವರು ಬಂದಿದ್ದಾರೆ. ಚಿಕ್ಕ ವಯಸ್ಸು, ಒಳ್ಳೆಯ ಹುರುಪು. ಹಳೆಯ ಸಂಗತಿ ಅವರಿಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಮೊದಲು ಹೇಳಿದ ಆ ಮದುವೆಯ ನಂತರದ ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಫಾರಂ ಹಿಡಿದು ನನ್ನ ಹತ್ತಿರ ಬಂದರು. ಸಭೆಗಳೆಲ್ಲ ತಮ್ಮ ಸುತ್ತಮುತ್ತಲಿನ ವಸತಿಹೀನರ ಪರವಾಗಿ ದನಿಯೆತ್ತಬೇಕೆಂದು ಮೇಲಿನಿಂದ ಪತ್ರ ಬಂದಿದೆಯಂತೆ, ಮೊದಲು ಸಂಖ್ಯೆ ಕಳಿಸಬೇಕಂತೆ.

"ಅಣ್ಣ, ನೀವು ಈ ಊರಲ್ಲೇ ಹುಟ್ಟಿ ಬೆಳೆದೋರು. ನಮ್ಮ ಚರ್ಚಿನ ಸುತ್ತ ಮನೆ ಇಲ್ದೋರು ಯಾರಾದ್ರೂ ಅವ್ರಾ?"

ನಾನು ಕೆರೆಯ ಕಡೆ ನೋಡಿದೆ. ಏರಿಯ ಕೆಳಗೆ ಈಗ ತಂತಿ ಬೇಲಿ, ಬೇಲಿಯೊಳಗೆ ಬಳ್ಳಾರಿ ಜಾಲಿ ಬೆಳೆದಿದೆ.

"ಇಲ್ಲ ಅಯ್ಯನೋರೇ, ಒಬ್ರೂ ಇಲ್ಲ" ಎಂದೆ.

ಅವರು ಫಾರಮ್ಮಿನಲ್ಲಿ ಸೊನ್ನೆ ಬರೆದುಕೊಂಡರು. "ದೇವರಿಗೆ ಸ್ತೋತ್ರ" ಎಂದು ಮನಸಾರೆ ಹೇಳಿದರು.

ನಾನು ಆಮೆನ್ ಎಂದೆ.